ಬನ್ನಕ್ಕನ ಎರಡನೇ ಔಷಧಿ

ಬನ್ನಕ್ಕನಿಗೆ ಮೂರು ತಿಂಗಳಿಂದ ಕೆಮ್ಮು. ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಹಿಟ್ಟಿನ ಧೂಳು ಕಣ್ರೀ." ಇಪ್ಪತ್ತಾರು ವರ್ಷದಿಂದ ಬೇಕರಿಯಲ್ಲಿ ಹಿಟ್ಟು ನಾದುವವಳು ಕೆಮ್ಮದೆ ಇನ್ಯಾರು ಕೆಮ್ಮಬೇಕು?

ಗಂಡನೂ ಹಾಗೇ ಅಂದುಕೊಂಡ. ಅವನು ಸಿಟಿ ಬಸ್ ಡ್ರೈವರ್. ಎಂಜಿನ್ ಸದ್ದು ಕೇಳಿಯೇ ಎಲ್ಲಿ ಏನು ಸಡಿಲವಾಗಿದೆ ಅಂತ ಹೇಳಬಲ್ಲ ಮನುಷ್ಯ. ಪಕ್ಕದಲ್ಲೇ ಇದ್ದ ಹೆಂಡತಿಯ ಕೆಮ್ಮು ಏನು ಹೇಳುತ್ತಿದೆ ಅಂತ ಮಾತ್ರ ಅವನಿಗೆ ತಿಳಿಯಲಿಲ್ಲ.

ಒಂದು ಬೆಳಗ್ಗೆ ಅವಳ ಕರ್ಚೀಫಿನಲ್ಲಿ ರಕ್ತ ಕಂಡಿತು. ಆಮೇಲೆ ಎಕ್ಸ್‌ರೇ, ಸ್ಕ್ಯಾನು, ಸೂಜಿ ಹಾಕಿ ಎದೆಯೊಳಗಿನ ಗಡ್ಡೆಯ ತುಣುಕು ತೆಗೆದು ಪರೀಕ್ಷೆ. ಶ್ವಾಸಕೋಶದ ಕ್ಯಾನ್ಸರ್. ಮೂಳೆಗೂ ಸ್ವಲ್ಪ ಹರಡಿತ್ತು.

"ಸಿಗರೇಟು ಸೇದೋದಿರಲಿ, ಕೈಯಲ್ಲಿ ಮುಟ್ಟಿದವಳೂ ಅಲ್ಲ. ನನಗ್ಯಾಕೆ ಬಂತು ಡಾಕ್ಟ್ರೇ?"

"ಸಿಗರೇಟು ದೊಡ್ಡ ಕಾರಣ, ನಿಜ. ಆದರೆ ಸೇದದೇ ಇರೋರಿಗೂ ಬರುತ್ತಮ್ಮ," ಅಂದರು ಡಾಕ್ಟರು. ತೆಗೆದ ತುಣುಕನ್ನೇ ಇನ್ನೊಂದು ಪರೀಕ್ಷೆಗೂ ಕಳಿಸಿದರು.

ಆ ವರದಿ ಬಂದ ದಿನ ಬನ್ನಕ್ಕ ಒಳಗೆ ಪರೀಕ್ಷೆಗೆ ರಕ್ತ ಕೊಡುತ್ತಿದ್ದಳು. ಡಾಕ್ಟರು ಹೊರಗಿದ್ದ ಡ್ರೈವರ್‌ಗೆ ಹೇಳಿದರು: "ಇವರ ಗಡ್ಡೆಯ ಜೀನ್‌ನಲ್ಲಿ ಒಂದು ಬದಲಾವಣೆ ಸಿಕ್ಕಿದೆ. ಅದನ್ನೇ ಗುರಿಯಿಟ್ಟು ಕೆಲಸ ಮಾಡೋ ಮಾತ್ರೆ ಇದೆ. ಕೀಮೋ ಜೊತೆಗೆ ಅದನ್ನೂ ಸೇರಿಸೋಣ ಅಂತ ನನ್ನ ಸಲಹೆ. ಮನೇಲಿ ಇಬ್ಬರೂ ಮಾತಾಡಿಕೊಂಡು ಸೋಮವಾರ ಬನ್ನಿ."

ಬನ್ನಕ್ಕ ತೋಳಿಗೆ ಹತ್ತಿ ಒತ್ತಿಕೊಂಡು ಬಂದಳು. "ಏನಂದ್ರು?"

"ಏನಿಲ್ಲ. ಸೋಮವಾರ ಬನ್ನಿ ಅಂದ್ರು."

ಕೆಟ್ಟದ್ದು ಬಯಸಿ ಹೇಳಿದ ಸುಳ್ಳಲ್ಲ. ಅವನ ಅಣ್ಣ ಹಿಂದೆ ಕೀಮೋ ತಗೊಂಡು ಕಡ್ಡಿಯಾಗಿದ್ದ. ಆರು ತಿಂಗಳೂ ಉಳಿಯಲಿಲ್ಲ. ಒಂದು ಔಷಧಿಗೇ ಆ ಗತಿಯಾದರೆ, ಎರಡು ಸೇರಿದರೆ ಇವಳು ತಡಕೊಂಡಾಳೇ? ಬೇಡ ಅಂತ ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದ.

ಕೆಳಗಿನ ಮನೆಯ ನರ್ಸಮ್ಮ ಕ್ಯಾನ್ಸರ್ ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಭಾನುವಾರ ಮೆಟ್ಟಿಲ ಮೇಲೆ ಸಿಕ್ಕಿದಳು. ಇವನ ಮುಖ ನೋಡಿ ತಡೆದು ನಿಲ್ಲಿಸಿದಳು. ಅವನು ಎಲ್ಲ ಕಕ್ಕಿದ.

"ನೀನೇ ಹೇಳು ತಂಗಿ, ಒಂದು ಗಾಡಿಗೆ ಎರಡು ಎಂಜಿನ್ ಕಟ್ಟಿದರೆ ಚಾಸಿ ಉಳಿಯುತ್ತಾ?"

"ಎರಡೂ ಮಾಡೋ ಕೆಲಸ ಒಂದೇ ಅಲ್ಲಣ್ಣ. ಬೇಗ ಬೇಗ ಬೆಳೆಯೋ ಜೀವಕೋಶಗಳ ಮೇಲೆಲ್ಲ ಕೀಮೋ ಎರಗುತ್ತೆ. ಈ ಮಾತ್ರೆ, ಒಳಗೆ ಕೂತು ಕ್ಯಾನ್ಸರಿಗೆ ಕುಮ್ಮಕ್ಕು ಕೊಡ್ತಾ ಇರೋ ಆ ಒಂದು ಬದಲಾವಣೇನ ತಡೆಯುತ್ತೆ. ಆ ಬದಲಾವಣೆ ಇಲ್ಲದೋರಿಗೆ ಈ ಮಾತ್ರೆ ಕೊಡಲ್ಲ. ಅಕ್ಕನಿಗೆ ಇದೆ, ಅದಕ್ಕೇ ಹೇಳ್ತಿದ್ದಾರೆ."

"ಎಲ್ಲ ಕೇಳಿದ್ದೀನಮ್ಮ. ಗಟ್ಟಿಮುಟ್ಟಾಗಿರೋರನ್ನ ಆರಿಸಿ ಪ್ರಯೋಗ ಮಾಡ್ತಾರೆ, ಆಮೇಲೆ 'ನೋಡಿ, ಬದುಕಿದ್ರು' ಅಂತಾರೆ. ನಮ್ಮವಳಿಗೆ ಐವತ್ತೆಂಟು. ಸಕ್ಕರೆ ಕಾಯಿಲೆ ಬೇರೆ."

ನರ್ಸಮ್ಮ ನಗಲಿಲ್ಲ. "ಒಳ್ಳೆ ಪ್ರಶ್ನೆ ಕೇಳಿದ್ರಿ. ಅದಕ್ಕೇ ಆಮೇಲೆ ಮಾಮೂಲಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ತಗೊಂಡೋರ ದಾಖಲೆಗಳನ್ನೂ ತೆಗೆದು ನೋಡ್ತಾರೆ. ವಯಸ್ಸಾದೋರು, ಬಿಪಿ ಇರೋರು, ಸಕ್ಕರೆ ಇರೋರು, ಎಲ್ಲರೂ ಅದರಲ್ಲಿರ್ತಾರೆ. ಹೊಂದೋ ರೋಗಿಗೆ ಹೊಂದೋ ಔಷಧಿ ಸೇರಿಸಿದಾಗ, ಬರೀ ಕೀಮೋ ತಗೊಂಡೋರಿಗಿಂತ ಹೆಚ್ಚು ಕಾಲ ಬದುಕಿರೋದು ಅಲ್ಲೂ ಕಂಡಿದೆ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ವರ್ಷಗಳು. ಎಲ್ಲರಿಗೂ ಅಂತ ಹೇಳಲ್ಲ."

"ಪೂರ್ತಿ ಗುಣ ಆಗುತ್ತಾ?"

"ನಿಮಗೆ ಸುಳ್ಳು ಹೇಳಲ್ಲಣ್ಣ. ಹರಡಿದ ಮೇಲೆ ಬೇರು ಸಮೇತ ಹೋಗೋದು ಕಷ್ಟ. ಹತೋಟಿಗೆ ತರೋದೇ ಗುರಿ. ಅದಿರಲಿ, ಅಕ್ಕ ಏನಂದ್ರು?"

ಅವನು ಕಂಬಿ ಸವರುತ್ತ ನಿಂತ.

"ಹೇಳೇ ಇಲ್ವಾ?" ನರ್ಸಮ್ಮನ ದನಿ ಏರಿತು. "ಉಸಿರಾಡೋದು ಅವರು, ತೀರ್ಮಾನ ಮಾಡೋದು ನೀವಾ?"

ಮನೆಗೆ ಬಂದಾಗ ಬನ್ನಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಅವನು ಎದುರು ಕುಳಿತು ಎಲ್ಲ ಹೇಳಿದ. ಅವಳ ಕೈ ನಿಂತಿತು.

"ಮೂರು ದಿನದಿಂದ ಇದನ್ನ ಹೊಟ್ಟೇಲಿಟ್ಟುಕೊಂಡು ಓಡಾಡ್ತಿದ್ದೀರಾ?"

"ನಿನಗೆ ಇನ್ನಷ್ಟು ಕಷ್ಟ ಆಗಬಾರದು ಅಂತ..."

"ನನ್ನ ಕಷ್ಟ ನನ್ನನ್ನ ಕೇಳ್ರೀ! ಇಪ್ಪತ್ತಾರು ವರ್ಷ ಕಾದ ಒಲೆ ಮುಂದೆ ನಿಂತವಳು ನಾನು. ಒಂದು ಮಾತ್ರೆಗೆ ಹೆದರಿ ಮೂಲೆ ಸೇರ್ತೀನಾ?"

ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅವನೂ ಅತ್ತ. ಸ್ವಲ್ಪ ಹೊತ್ತಾದ ಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ಪೆನ್ನು ತನ್ನಿ. ಡಾಕ್ಟ್ರನ್ನ ಕೇಳೋದು ಬಹಳ ಇದೆ," ಅಂದಳು.

ಸೋಮವಾರ ಅವಳು ಚೀಟಿ ಹಿಡಿದು ಒಂದೊಂದಾಗಿ ಕೇಳಿದಳು. ನನ್ನ ಸಕ್ಕರೆ ಮಾತ್ರೆಗೂ ಇದಕ್ಕೂ ಆಗಿಬರುತ್ತಾ? ಏನೇನು ತೊಂದರೆ ಬರಬಹುದು? ಯಾವುದಕ್ಕೆ ತಕ್ಷಣ ಓಡಿಬರಬೇಕು? ಡಾಕ್ಟರು ಬಿಡಿಸಿ ಹೇಳಿದರು. "ಉಸಿರಾಟ ಇದ್ದಕ್ಕಿದ್ದ ಹಾಗೆ ಕಷ್ಟವಾದರೆ ಒಂದು ಗಳಿಗೆಯೂ ಕಾಯಬೇಡಿ," ಅಂತ ಎರಡು ಸಲ ಒತ್ತಿ ಹೇಳಿದರು. ಬನ್ನಕ್ಕ ಒಪ್ಪಿದಳು, ಆ ವಾರವೇ ಚಿಕಿತ್ಸೆ ಶುರುವಾಯಿತು.

ಸುಲಭವಾಗಿರಲಿಲ್ಲ. ಬಾಯಿರುಚಿ ಸತ್ತಿತು. ಮೂರನೇ ವಾರ ಮುಖದ ತುಂಬ ಗುಳ್ಳೆ ಎದ್ದವು, ಭೇದಿಯೂ ಹಿಡಿಯಿತು.

"ನಾನು ಆವತ್ತೇ ಅಂದುಕೊಂಡೆ. ಸಾಕು, ನಿಲ್ಲಿಸಿಬಿಡೋಣ," ಅಂದ ಡ್ರೈವರ್.

"ನಿಲ್ಲಿಸೋಕೆ ನೀವು ಯಾರು, ನಾನು ಯಾರು? ಆಸ್ಪತ್ರೆಗೆ ಫೋನ್ ಮಾಡಿ," ಅಂದಳು ಬನ್ನಕ್ಕ.

ಡಾಕ್ಟರು ಕೆಲವು ದಿನ ಮಾತ್ರೆ ತಡೆದರು, ಮುಲಾಮು ಕೊಟ್ಟರು, ಪ್ರಮಾಣ ಇಳಿಸಿ ಮತ್ತೆ ಶುರು ಮಾಡಿದರು. ಗುಳ್ಳೆ ಒಣಗಿದವು. ಎರಡನೇ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕರ್ಧ ಇಳಿದಿತ್ತು. ಡ್ರೈವರ್ ಆ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದಕ್ಷರ ಅರ್ಥವಾಗದಿದ್ದರೂ ಡಾಕ್ಟರ ಮುಖ ಓದಲು ಬಂತು.

ಈಗ ಎರಡು ವರ್ಷವಾಗುತ್ತಾ ಬಂತು. ಕಾಯಿಲೆ ಪೂರ್ತಿ ಹೋಗಿಲ್ಲ, ಬಾಲ ಮುದುರಿಕೊಂಡು ಬಿದ್ದಿದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವ ದಿನ ಡ್ರೈವರ್‌ನ ಬಾಯಿ ಒಣಗುತ್ತದೆ. ಆದರೆ ವಾರಕ್ಕೆ ಮೂರು ದಿನ ಬನ್ನಕ್ಕ ಬೇಕರಿಗೆ ಹೋಗುತ್ತಾಳೆ. ಮೂಟೆ ಎತ್ತುವುದಿಲ್ಲ, ಹೊಸಬರಿಗೆ ಕೆಲಸ ಕಲಿಸುತ್ತಾಳೆ, ಬೈಯುತ್ತಾಳೆ, ನಗಿಸುತ್ತಾಳೆ.

ಮೊನ್ನೆ ಡಿಪೋದಲ್ಲಿ ಜೊತೆಗಾರನೊಬ್ಬ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವನ ತಂದೆಗೂ ಅದೇ ಕಾಯಿಲೆ.

"ಜೀನ್ ಪರೀಕ್ಷೆ ಆಯ್ತಾ?" ಕೇಳಿದ ಡ್ರೈವರ್.

"ಅದೇನದು?"

"ನಾಳೆ ಡಾಕ್ಟ್ರನ್ನ ಅದನ್ನೇ ಕೇಳು. ಹೋಗುವಾಗ ಅಪ್ಪನ್ನೂ ಕರಕೊಂಡು ಹೋಗಪ್ಪ. ಅವರ ಬೆನ್ನ ಹಿಂದೆ ಏನೂ ತೀರ್ಮಾನ ಮಾಡಬೇಡ. ನಾನು ಮಾಡಿ ಬೈಸಿಕೊಂಡಿದ್ದೀನಿ."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮೂರು ವಾರ ಕಳೆದರೂ ಹೋಗದ ಕೆಮ್ಮನ್ನು ಧೂಳಿನ ತಲೆಗೆ ಕಟ್ಟಬೇಡಿ, ಆಸ್ಪತ್ರೆಗೆ ತೋರಿಸಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶದ ಕ್ಯಾನ್ಸರ್ ಇದ್ದರೆ, "ಗುರಿಯಿಟ್ಟ ಔಷಧಿ ಇವರಿಗೆ ಹೊಂದುತ್ತಾ? ಅದಕ್ಕೆ ಪರೀಕ್ಷೆ ಆಗಿದೆಯಾ?" ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಖರ್ಚಿನ ಚಿಂತೆಯಿದ್ದರೆ, ನೆರವು ಎಲ್ಲಿ ಸಿಗುತ್ತದೆ ಅಂತಲೂ ಆಸ್ಪತ್ರೆಯಲ್ಲೇ ವಿಚಾರಿಸಿ. ತೊಂದರೆಯಾದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಮೊದಲು ಫೋನ್ ಮಾಡಿ. ಎಲ್ಲರಿಗೂ ಒಂದೇ ಔಷಧಿ ಹೊಂದುವುದಿಲ್ಲ, ನಿಜ. ಆದರೆ ನಿಮ್ಮವರಿಗೆ ಹೊಂದುವ ಔಷಧಿ ಇದ್ದು, ಕೇಳದೇ ಇದ್ದ ಕಾರಣಕ್ಕೆ ಅದು ಕೈತಪ್ಪಬಾರದು. ಕೇಳಿ. ಇವತ್ತೇ ಕೇಳಿ.