ಡೇರೆಗೆ ಕಟ್ಟಿದ ಕಾವಿ ಬಾವುಟ

ದಿಗಂಬರರಾಯರಿಗೆ ಲೋಕದ ಅಪಾಯಗಳೆಲ್ಲ ಬಾಯಿಪಾಠ. ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಸಿ ಕೂತಿದ್ದ ಮಗಳು ಕೇತಕಿ ಒಂದು ದಿನ, "ಪಪ್ಪಾ, ಛಾಯಾ, ನೀಲಗಂಗಾ, ನಾ ಮೂವರೂ ಹನ್ನೂರಿಗೆ ಹೋಗಿ ನೀಲಗಂಗಾನ ಮಾಮಾನ ಹೊಲದಾಗ ಟೆಂಟ್ ಹಾಕಿ ಒಂದ್ ರಾತ್ರಿ ಇರ್ತೀವಿ" ಎಂದಳು. ಅವರು ಪೇಪರಿನಿಂದ ತಲೆ ಎತ್ತದೆ ಪಾಠ ಒಪ್ಪಿಸಿದರು. ಹಾವು. ಚೇಳು. ಕುಡುಕರು. ತಮ್ಮ ವಿಜಾಪುರ ರಸ್ತೆಯ ಮಂದಿಯ ಬಾಯಿ.

"ಸಂಗಟ ದೊಡ್ಡವರು ಯಾರು?"

"ಯಾರೂ ಇಲ್ಲ. ಅದಕ್ಕಂತನ ಹೊಂಟೀವಿ."

ಮಾತು ಅಲ್ಲಿಗೆ ಮುಗಿಯಿತೆಂಬಂತೆ ರಾಯರು ಪೇಪರಿನ ಪುಟ ಮಗುಚಿದರು.

ಮೀಸೆ ಇನ್ನೂ ಚಿಗುರದ ತಮ್ಮ ತುಷಾರ ಆಗಷ್ಟೇ ಗೆಳೆಯನ ಬೈಕೇರಿ ಎಲ್ಲಿಗೋ ಹೋದ. ಅವನಿಗೆ ಹಾವು ಕಚ್ಚುವುದಿಲ್ಲವೆಂದು ಮನೆಯವರಿಗೆ ಹೇಗೋ ಗೊತ್ತಿತ್ತು.

ಕೇತಕಿ ಹಿರಿಯರ ಕಣ್ಣಿಗೆ ಬೀಳದೆ ಒಂದು ಸಂಜೆಯನ್ನೂ ಕಳೆದವಳಲ್ಲ. ಎಲ್ಲಿಗೆ, ಯಾಕೆ ಎನ್ನುವವರಿಲ್ಲದ ಕಡೆ ಗೆಳತಿಯರ ನಡುವೆ ಒಂದೇ ಒಂದು ಸಲ ಕಾಲು ಚಾಚಿ ಬೀಳಬೇಕಿತ್ತು ಅವಳಿಗೆ.

ವಾರ ಬಿಟ್ಟು ಊಟಕ್ಕೆ ಕೂತಾಗ ಹೇಳಿದಳು: "ಪಪ್ಪಾ, ನಾವು ಮೂವರೂ ಅಕ್ಕಲಕೋಟಕ್ಕ ನಡಕೋತ ಹೋಗಿ ಸ್ವಾಮಿ ದರ್ಶನ ಮಾಡ್ತೀವಂತ ಹರಕಿ ಹೊತ್ತೀವಿ. ರಾತ್ರಿ ದಾರ್ಯಾಗಿನ ಹನ್ನೂರಾಗ ವಸ್ತಿ."

ರಾಯರ ತುತ್ತು ಕೈಯಲ್ಲೇ ನಿಂತಿತು. ಕಣ್ಣು ತುಂಬಿ ಬಂತು. "ಈ ಕಾಲದಾಗ ಇಂಥಾ ಹುಡುಗಿ!" ಎಂದರು.

ಅದೇ ಹುಡುಗಿಯರು, ಅದೇ ಹೊಲ, ಅದೇ ಹಾವು. ಸಂಗಟ ದೊಡ್ಡವರು ಯಾರೆಂದು ಮಾತ್ರ ಈ ಸಲ ಯಾರೂ ಕೇಳಲಿಲ್ಲ. ಹೊರಡುವ ದಿನ ರಾಯರೇ ಕೋಲಿಗೆ ಕಾವಿ ಬಾವುಟ ಕಟ್ಟಿ ಕೊಟ್ಟರು. ನಿನ್ನೆಯವರೆಗೆ ಅವಳ ಜೀನ್ಸ್ ಕಂಡು ಹಲ್ಲು ಕಡಿಯುತ್ತಿದ್ದ ಮೂಲೆಮನೆಯ ಕಾಂತೇಶ ಕಾಕಾ ಓಡಿ ಬಂದು ಅವಳ ಕಾಲಿಗೆ ಬಿದ್ದು, ಮಗನ ಲಗ್ನ ಕೂಡಿಬರಲೆಂದು ಸ್ವಾಮಿಗೆ ಒಂದು ಕಾಯಿ ಕೊಟ್ಟರು.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳನ್ನು ದಾಟುವಾಗ ಲಾರಿಯೊಂದು ಮೈಮೇಲೆ ಬಂದಂತೆ ಹಾದುಹೋಯಿತು. ಸಿಳ್ಳೆ ಹಾಕಲು ತುಟಿ ಕೂಡಿಸಿದ್ದ ಕ್ಲೀನರ್ ಬಾವುಟ ಕಂಡು ಕೈ ಕೂಡಿಸಿದ.

"ಈ ಕೋಲು ಕಾಲೇಜಿಗೂ ಒಯ್ಯಬೇಕ ನೋಡು," ಎಂದಳು ಛಾಯಾ.

ಮುಂದೆ ಜೀಪು ಸಿಕ್ಕಿತು. ಹರಕೆಗೆ ಸಾಕಾಗುವಷ್ಟು ಚಪ್ಪಲಿ ಸವೆದಿದ್ದವು.

ಇಳಿಹೊತ್ತಿಗೆ ಹೊಲದ ಬೇವಿನ ಗಿಡದ ಕೆಳಗೆ ಡೇರೆ ನಿಂತಿತು. ಬಾವುಟವನ್ನು ನೆಲಕ್ಕೆ ಹಾಕಲು ಮನಸ್ಸಾಗದೆ ಡೇರೆಯ ಕಂಬಕ್ಕೇ ಕಟ್ಟಿದರು. ಕೇತಕಿ ಕಾಲು ಚಾಚಿದಳೋ ಇಲ್ಲವೋ, ಬಗಲ ಹೊಲದ ಪೀರಪ್ಪ ಬಡಿಗೆ ಹಿಡಿದು ಬಂದ.

"ಯಾರ ಹುಡುಗ್ಯಾರು ನೀವು? ನಿಮ್ಮ ದೊಡ್ಡವರು ಎಲ್ಲ್ಯಾ..." ಎನ್ನುವಷ್ಟರಲ್ಲಿ ಬಾವುಟ ಕಂಡಿತು. ಚಪ್ಪಲಿ ಬಿಟ್ಟ, ಬಡಿಗೆ ಬಿಟ್ಟ. "ಮಾವುಲಿ! ತಾಯೀ!" ಎಂದು ಉದ್ದಕ್ಕೆ ಬಿದ್ದ.

ಎದ್ದವನು ಹಾಲು ತರಲು ಓಡಿದ. ಹಾಲಿನ ಹಿಂದೆ ಹೆಂಡತಿ ಬಂದಳು, ಅವ್ವ ಬಂದಳು, ಹಿಂದೆಯೇ ತಾಳ ಹಿಡಿದ ಭಜನೆ ಮೇಳ.

"ಎಳೇ ಹುಡುಗ್ಯಾರನ್ನಷ್ಟ ಹೆಂಗ ಬಿಡೂದು?" ಎಂದಳು ಪೀರಪ್ಪನ ಅವ್ವ, ಡೇರೆಯ ಬಾಗಿಲಿಗೇ ಚಾಪೆ ಹಾಸಿ. "ಬೆಳಗಾಗೂತನ ನಾವೆಲ್ಲ ಇಲ್ಲೇ ಕೂಡ್ತೀವಿ. ಮಾವುಲಿ, ನಮ್ಮ ಪೀರಪ್ಪನ ಕೂಸಿನ ತಲಿ ಮ್ಯಾಲ ಕೈ ಇಡ್ರಿ."

"ಬಾವುಟ ಇಳಸೂಣೇನ?" ನೀಲಗಂಗಾ ಪಿಸುಗುಟ್ಟಿದಳು.

"ಇಳಸಿದ್ರ ಯಾರ ಮಗಳಂತ ಕೇಳ್ತಾರ. ಬಿಟ್ರ ಕಾಲಿಗೆ ಬೀಳ್ತಾರ," ಎಂದಳು ಕೇತಕಿ. "ನಿಮ್ಮಷ್ಟಕ್ಕ ನೀವು ಕೂಡ್ರವಾ ಅನ್ನೋರು ಒಬ್ಬರೂ ಇಲ್ಲ."

ಅಷ್ಟರಲ್ಲಿ ಪಪ್ಪಾನ ವಿಡಿಯೊ ಕಾಲ್. ಅವಳು ಫೋನನ್ನು ಸುತ್ತ ತಿರುಗಿಸಿ ತೋರಿಸಿದಳು. ರುಮಾಲುಗಳು, ತಾಳಗಳು, ಚಾಪೆಯ ಮೇಲಿನ ಅಜ್ಜಿ.

"ವಾ! ದೊಡ್ಡವರು ಎಷ್ಟ್ ಮಂದಿ ಅದಾರಲ್ಲ!" ರಾಯರ ಮುಖ ಅರಳಿತು. "ಇನ್ನ ನನಗ ಚಿಂತಿ ಇಲ್ಲ ಬಿಡವಾ. ವರ್ಷಾ ವರ್ಷಾ ಹೋಗ್ರಿ."

ಡೇರೆಯೊಳಗೆ ಮೂವರಿಗೆಂದು ಹಾಸಿದ ಹಾಸಿಗೆಯ ಮೇಲೆ ಆಗಲೇ ಪೀರಪ್ಪನ ಮಕ್ಕಳು ನಿದ್ದೆ ಹೋಗಿದ್ದವು. ಕೇತಕಿ ಫೋನು ಕೆಳಗಿಟ್ಟು, ಮುಂದೆ ಬಾಗಿದ ಪೀರಪ್ಪನ ತಲೆಯ ಮೇಲೆ ಕೈ ಇಟ್ಟಳು. ಆಶೀರ್ವಾದಕ್ಕೆ ಬೇಕಾದದ್ದಕ್ಕಿಂತ ತುಸು ಜೋರಾಗಿಯೇ.