ಬಸುರಿಯರ ಪರದೆ

ಮರದ ಕಾರ್ಖಾನೆಯ ಆ ಸಾಲುಮನೆಗಳಲ್ಲಿ ಹಗ್ಗದ ಮೇಲೆ ಸೊಳ್ಳೆ ಪರದೆ ಕಂಡರೆ ಅದು ಬಟ್ಟೆಯಲ್ಲ, ಸುದ್ದಿ. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಯಾರ ಸೂರಿನಂಚಿನಲ್ಲಿ ನೀಲಿ ಪರದೆ ತೂಗಿತೋ ಆ ಮನೆಯ ಹೆಂಗಸಿಗೆ ಮಧ್ಯಾಹ್ನದೊಳಗೆ ಎಲ್ಲ ಕಡೆಯಿಂದ ಉಪದೇಶ, ಗಂಡನಿಗೆ ಬೆನ್ನ ಮೇಲೆ ಒಂದೊಂದು ಗುದ್ದು.

ಕಾರಣ ಕೇಳಿದರೆ ನಗು ಬರುತ್ತದೆ. ನದಿ ದಾಟಿ ಮೊದಲ ಸಲ ದೋಣಿಯಲ್ಲಿ ಪರದೆಗಳು ಬಂದಾಗ ಬಂದಿದ್ದೇ ಬೆರಳೆಣಿಕೆಯಷ್ಟು. ನರ್ಸಮ್ಮ ಅವನ್ನು ಹೊಟ್ಟೆಯಲ್ಲಿ ಮಗುವಿದ್ದವರಿಗೆ ಮಾತ್ರ ಕೊಟ್ಟಳು. ಅದು ಸರಿಯೇ, ಚಳಿಜ್ವರ ಅವರನ್ನು ಹಿಡಿದರೆ ಎರಡು ಜೀವದ ಪ್ರಶ್ನೆ. ಆದರೆ ವರ್ಷಗಟ್ಟಲೆ ಹಾಗೇ ನಡೆದು, ಪರದೆ ಎಂದರೆ ಬಸುರಿ, ಬಸುರಿ ಎಂದರೆ ಪರದೆ ಅನ್ನುವುದು ಜನರ ತಲೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಈ ಸಲ ದೋಣಿ ತುಂಬ ಪರದೆ ಬಂತು. ಮನೆಮನೆಗೂ, ಮಲಗುವ ತಲೆಗಳನ್ನು ನೋಡಿ, ಕೇಳುವ ಮುಂಚೆಯೇ ನರ್ಸಮ್ಮ ಕೈಗಿಟ್ಟಳು. ಬೇಡ ಅಂದವರು ಒಬ್ಬರೂ ಇಲ್ಲ. ಕಟ್ಟಿದವರೂ ಒಬ್ಬರಿಲ್ಲ. ಬಾಯ್ಲರಿನವನ ಮನೆಯಲ್ಲಿ ಅದು ಕೋಳಿಮರಿಗಳ ಮೇಲೆ ಮುಚ್ಚಳವಾಯಿತು. ಅವನಿಗೆ ಅದರೊಳಗೆ ಉಸಿರೇ ಕಟ್ಟುತ್ತದಂತೆ. ಮದುವೆಗಿದ್ದ ಹೆಣ್ಣುಮಕ್ಕಳ ತಾಯಂದಿರು ಪೊಟ್ಟಣವನ್ನು ಒಡೆಯದೆ ಟ್ರಂಕಿನ ತಳಕ್ಕೆ ತಳ್ಳಿದರು. ಮೇಲೊಂದು ಕಂಬಳಿಯನ್ನೂ ಹೊದಿಸಿದರು.

ತೇಪೆಯಕ್ಕನ ಮನೆಯಲ್ಲೂ ಅದು ಟ್ರಂಕಿನಲ್ಲೇ ಇತ್ತು.

ಅವಳು ಹುಟ್ಟಿನಿಂದ ತೇಪೆಯಲ್ಲ. ಕಾರ್ಖಾನೆಯಲ್ಲಿ ದಿಮ್ಮಿಯಿಂದ ಸುಲಿದ ತೆಳು ಮರದ ಹಾಳೆಗಳಲ್ಲಿ ಗಂಟು ಬಿದ್ದು ತೂತಾದ ಜಾಗವನ್ನು ಕೊರೆದು, ಅದೇ ಬಣ್ಣದ, ಅದೇ ಗೆರೆಯ ಚೂರು ಹುಡುಕಿ ಗೋಂದು ಹಚ್ಚಿ ಕೂರಿಸುವುದು ಅವಳ ಕೆಲಸ. ಅವಳು ಕೂರಿಸಿದ ತೇಪೆಯನ್ನು ಬೆರಳಾಡಿಸಿ ಹುಡುಕಿದರೂ ಸಿಗುವುದು ಕಷ್ಟ. ಗಂಡ ದಿಮ್ಮಿ ಹೊಂಡದಲ್ಲಿ, ತೇಲುವ ಮರಗಳ ಮೇಲೆ ಕೊಕ್ಕೆಗೋಲು ಹಿಡಿದು ನಡೆಯುವವನು. ಹೊಂಡ ಮನೆಗಳ ಬೆನ್ನಿಗೇ ಇತ್ತು. ಹಗಲು ಅದು ಕಾರ್ಖಾನೆಯದು, ಸಂಜೆಯಾದರೆ ಸೊಳ್ಳೆಗಳದು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಸಾಣೆಗಲ್ಲಿಗಿಂತ ಚುರುಕಾದ ನಾಲಿಗೆಯ ಅತ್ತೆ, ಮತ್ತೆ ಮೆಣಸು.

ಮೆಣಸು ಕಿರಿಯವಳು. ಅಷ್ಟೇ ಗಾತ್ರ, ಅಷ್ಟೇ ಖಾರ. ಕಳೆದ ಮಳೆಗಾಲದಲ್ಲಿ ಚಳಿಜ್ವರ ಅವಳನ್ನು ಹಿಡಿದು ಬಿಟ್ಟು, ಮತ್ತೆ ಹಿಡಿದು ಬಿಟ್ಟು, ಮತ್ತೊಮ್ಮೆ ಹಿಡಿದಾಗ ಮಗು ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆಸಿತ್ತು. ಅವತ್ತು ಗಂಡ ಅವಳನ್ನು ಹೆಗಲಿಗೆ ಹಾಕಿಕೊಂಡು ಆಚೆ ದಡದ ಆಸ್ಪತ್ರೆಗೆಂದು ದೋಣಿಗೆ ಓಡಿದ್ದು ಇವಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬದುಕಿ ಬಂದಳು. ಮಗುವಿನ ಕೆಳರೆಪ್ಪೆ ಎಳೆದು ನೋಡಿದ ನರ್ಸಮ್ಮ ಬೈಯಲಿಲ್ಲ, ಭಾಷಣವನ್ನೂ ಬಿಗಿಯಲಿಲ್ಲ.

"ಮತ್ತೊಂದ್ ಸಲ ಬಂದ್ರೆ ತಡಕೊಳ್ಳೋಷ್ಟು ರಕ್ತ ಇದರ ಮೈಯಲ್ಲಿಲ್ಲ ಕಣಮ್ಮ," ಅಂದಳು. "ಪರದೆಯೊಳಗೆ ಮಲಗಿಸು."

ಮಲಗಿಸುವ ಮನಸ್ಸಿಲ್ಲದೆ ಅಲ್ಲ. ಹೊಸ ಪರದೆಗೆ ಸೊಳ್ಳೆ ಸಾಯುವ ಔಷಧಿ ಬಳಿದಿರುತ್ತಾರೆ. ಪೊಟ್ಟಣ ಒಡೆದ ಮೇಲೆ ಒಂದು ಹಗಲು ಹೊರಗೆ ನೆರಳಿನಲ್ಲಿ ಗಾಳಿಗೆ ಹಾಕಬೇಕು. ಹೊರಗೆ ಅಂದರೆ ಊರೆದುರು. ಇವಳು ಜಾಣತನ ಮಾಡಿ ಒಳಗೇ ಟ್ರಂಕಿನ ಮೇಲೆ ಹರಡಿ ನೋಡಿದಳು. ಇದ್ದ ಒಂದೇ ಕೋಣೆಯಲ್ಲಿ ಎಲ್ಲರ ಕಣ್ಣೂ ಉರಿಯಿತು, ಮೆಣಸಿನ ಕೆನ್ನೆ ಕೆಂಪಾಯಿತು, ಅತ್ತೆ ಬೆಳಗಿನ ತನಕ ಸೀನಿದಳು. ಒಂದು ಸೀನಿಗೂ ಇನ್ನೊಂದು ಸೀನಿಗೂ ನಡುವೆ ಸೊಸೆಯ ತವರಿನವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿಕೊಂಡಳು. ಪರದೆ ಮತ್ತೆ ಟ್ರಂಕಿಗೆ ಹೋಯಿತು. ಕತ್ತಲಾದ ಮೇಲೆ ಹೊರಗೆ ಹಾಕಿ ಬೆಳಗಾಗುವ ಮುಂಚೆ ತೆಗೆದರಾಯಿತು ಎಂದು ಗಂಡ ಉಪಾಯ ಹೇಳಿದ. ಅದಕ್ಕೂ ಅತ್ತೆಯೇ ಅಡ್ಡ ಬಂದಳು.

"ಕದ್ದು ಒಣಗಿಸಿದ್ರೆ ಇನ್ನೂ ಕೇಡು. ಬಸುರು ಯಾರದ್ದು ಅಂತ ಬೇರೆ ಕೇಳ್ತಾರೆ."

ಗಂಡ ಕೊಕ್ಕೆಗೋಲು ಎತ್ತಿಕೊಂಡು ಹೊಂಡಕ್ಕೆ ಹೊರಟ.

ಬರೀ ನಗೆಚಾಟಿಕೆಯಾಗಿದ್ದರೆ ತೇಪೆಯಕ್ಕ ನುಂಗಿಕೊಳ್ಳುತ್ತಿದ್ದಳು. ತೊಡಕು ಬೇರೆಯೇ ಇತ್ತು. ತೇಪೆ ಮೇಜಿನ ಮೇಸ್ತ್ರಮ್ಮ ಕಣ್ಣು ಮಂಜಾಯಿತೆಂದು ಕೆಲಸ ಬಿಡುವವಳಿದ್ದಳು. ಆ ಜಾಗಕ್ಕೆ ಇವಳೇ ಎಂದು ಎಲ್ಲರ ಬಾಯಲ್ಲೂ ಇತ್ತು. ಮ್ಯಾನೇಜರ್ ಕೂಡ ಅರ್ಧ ಮಾತು ಕೊಟ್ಟಿದ್ದ. ಆದರೆ ಬಸುರಿಯರನ್ನು ಗೋಂದಿನ ಹೊಗೆಯ ಹತ್ತಿರ ನಿಲ್ಲಿಸಬಾರದೆಂದು ಕಾರ್ಖಾನೆಯ ನಿಯಮ. ಗೊತ್ತಾದ ದಿನವೇ ಮೇಜಿನಿಂದ ಎಬ್ಬಿಸಿ ಹೊಟ್ಟು ಗುಡಿಸುವ ಶೆಡ್ಡಿಗೆ ಕಳಿಸುತ್ತಿದ್ದರು. ಒಳ್ಳೆಯದಕ್ಕೇ ಮಾಡಿದ ನಿಯಮ, ಅದಕ್ಕೇ ಅದರ ಜೊತೆ ಜಗಳವಾಡುವುದು ಕಷ್ಟ. ಮೇಸ್ತ್ರಮ್ಮನಾದರೆ ಸಂಜೆ ಪಾಳಿ ಇರುವುದಿಲ್ಲ, ಕತ್ತಲಿಗೆ ಮುಂಚೆ ಮನೆ ಸೇರಬಹುದು, ಮಕ್ಕಳ ಮುಖವನ್ನು ಎಚ್ಚರವಿರುವಾಗ ನೋಡಬಹುದು. ಜಾಗ ಗಟ್ಟಿಯಾಗುವ ತನಕ ಒಂದಿಷ್ಟು ದಿನ ತಡೆದರೆ ಆಯಿತು, ಆಮೇಲೆ ಪರದೆ ಕಟ್ಟಿದರಾಯಿತು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಸಂಜೆ ಪಾಳಿಯಿಲ್ಲದ ಒಂದು ದಿನ ಅವಳು ಮನೆಗೆ ಬಂದಾಗ ಮೆಣಸು ಮೂಲೆಯಲ್ಲಿ ಮುದುರಿ ಮಲಗಿದ್ದಳು. ಹಣೆ ಬಿಸಿ. ತಾಯಿಯ ಜೀವ ಬಾಯಿಗೆ ಬಂತು. ವಿಚಾರಿಸಿದರೆ, ಹುಡುಗಿ ಅಣ್ಣಂದಿರ ಜೊತೆ ಬಾಯ್ಲರ್ ಗೋಡೆಗೆ ಒರಗಿ ಕೂತು ಬಂದು, ತಿಂಡಿ ಕದ್ದದ್ದಕ್ಕೆ ಅಜ್ಜಿಯಿಂದ ಬೈಸಿಕೊಂಡು, ಸಿಟ್ಟಿನಲ್ಲಿ ಮಲಗಿದ್ದಾಳೆ ಅಷ್ಟೆ. ನೀರು ಕುಡಿಸಿದ ಕೂಡಲೇ ಎದ್ದು ಅಣ್ಣನ ಕೂದಲು ಹಿಡಿದು ಎಳೆದಳು. ಎಲ್ಲರೂ ನಕ್ಕರು. ತೇಪೆಯಕ್ಕ ಮಾತ್ರ ಮತ್ತೆ ಮತ್ತೆ ಮಗುವಿನ ಹಣೆ ಮುಟ್ಟಿ ನೋಡಿದಳು. ಮೇಸ್ತ್ರಮ್ಮನ ಜಾಗವನ್ನೂ ಆ ಪುಟ್ಟ ಹಣೆಯನ್ನೂ ತಕ್ಕಡಿಯಲ್ಲಿಟ್ಟು ಇಷ್ಟು ದಿನ ತೂಗುತ್ತಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮರುದಿನ ಬೆಳಕು ಹರಿಯುತ್ತಲೇ ಟ್ರಂಕು ತೆರೆದು, ಪರದೆ ಕೊಡವಿ, ಸೂರಿನ ನೆರಳಿನಲ್ಲಿ ಉದ್ದಕ್ಕೂ ಹರಡಿ ಕೆಲಸಕ್ಕೆ ಹೋದಳು.

ಪಕ್ಕದ ಮನೆಯಲ್ಲಿ ಬಾಯ್ಲರಿನವನ ಹೆಂಡತಿ ಇದ್ದಳು. ಸಾಲುಮನೆಯವರು ಅವಳನ್ನು ರೇಡಿಯೋ ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ತೇಪೆಯಕ್ಕ ಕಾರ್ಖಾನೆಯ ಗೇಟು ದಾಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಒಳಗೆ ಹೋಗಿ ಕೂತಿತ್ತು. ಮೇಜಿನ ಹೆಂಗಸರು ಅವಳಿಗೆ ಸ್ಟೂಲು ತಂದಿಟ್ಟರು. ಹುಳಿ ಏನಾದರೂ ಬೇಕಾ ಎಂದು ಒಬ್ಬಳು ಕೇಳಿದರೆ, ಈ ವಯಸ್ಸಿಗೆ ನಿನ್ನ ಗಂಡ ದಿಮ್ಮಿಯಣ್ಣನಿಗೆ ಹೊಂಡದ ಕೆಲಸ ಸಾಲಲಿಲ್ಲವಾ ಎಂದು ಇನ್ನೊಬ್ಬಳು ಕಾಲೆಳೆದಳು. ಮಗುವಿಗೋಸ್ಕರ ಹಾಕಿದ್ದು ಕಣ್ರೇ, ಇರೋ ಮಗುವಿಗೆ, ಎಂದು ಇವಳು ಬಡಕೊಂಡಷ್ಟೂ ಅವರ ನಗು ಹೆಚ್ಚಾಯಿತು.

ಮ್ಯಾನೇಜರ್ ಹೇಳಿಕಳಿಸಿದ. ಅವನಿನ್ನೂ ಮದುವೆಯಾಗದ ಹುಡುಗ. ಇಂಥ ವಿಷಯ ಮಾತಾಡುವಾಗ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಗೋಂದಿನ ಹೊಗೆ, ಆರೋಗ್ಯ, ನಿಯಮ ಎಂದೇನೋ ತೊದಲಿ, ನಾಳೆಯಿಂದ ಶೆಡ್ಡಿಗೆ ಅಂದ.

"ಸಾರ್, ನಾನು ಬಸುರಿ ಅಲ್ಲ."

"ಮೊದಮೊದಲು ಎಲ್ಲರೂ ಹಾಗೇ ಅಂತಾರಮ್ಮ," ಅಂದ ಅವನು ಗಡಿಯಾರಕ್ಕೆ. ಸುಳ್ಳೇನಲ್ಲ. ಮೇಜು ಬಿಡಲಾಗದೆ ಸೆರಗು ಎಳೆದುಕೊಂಡು ತಿಂಗಳುಗಟ್ಟಲೆ ಮುಚ್ಚಿಟ್ಟವರನ್ನು ಅವನು ಕಂಡಿದ್ದ. ಮೇಸ್ತ್ರಮ್ಮನ ಜಾಗ ಅದೇ ಸಂಜೆ ಮೇಜಿನ ಇನ್ನೊಬ್ಬಳಿಗೆ, ಉದ್ದಜಡೆಯವಳಿಗೆ, ಹೋಯಿತು. ಅವಳೂ ಕೆಟ್ಟವಳಲ್ಲ, ಕೆಲಸವೂ ಗೊತ್ತು. ಅದಕ್ಕೇ ತೇಪೆಯಕ್ಕನಿಗೆ ಬೈಯಲು ಕೂಡ ಯಾರೂ ಸಿಗಲಿಲ್ಲ.

ಮನೆಗೆ ಬಂದು ಮೂಗೊರೆಸಿಕೊಳ್ಳುತ್ತಾ ಎಲ್ಲವನ್ನೂ ಹೇಳಿದಳು. ನಾನು ಮೊದಲೇ ಹೇಳಿರಲಿಲ್ಲವಾ ಎಂದು ಅತ್ತೆ ಶುರುಮಾಡುತ್ತಾಳೆಂದು ಕಾದಳು. ಅತ್ತೆ ಸುಮ್ಮನಿದ್ದಳು. ಮುದುಕಿ ಸುಮ್ಮನಿದ್ದದ್ದು ಕಂಡು ಮಗನಿಗೇ ಗಾಬರಿಯಾಯಿತು. ಸೊಸೆಯ ಮಾತನ್ನು ಸುಳ್ಳು ಅನ್ನುವ ಹಕ್ಕು ಈ ಭೂಮಿಯ ಮೇಲೆ ತನಗೊಬ್ಬಳಿಗೇ ಇದೆ ಎಂದು ಅವಳು ನಂಬಿದ್ದಳು. ಅದನ್ನು ಇನ್ನೊಬ್ಬ, ಅದೂ ಮೀಸೆ ಸರಿಯಾಗಿ ಮೂಡದವನು, ಕಸಿದುಕೊಂಡಿದ್ದ.

ಬೆಳಿಗ್ಗೆ ಎಲ್ಲರೂ ನಲ್ಲಿಯ ಹತ್ತಿರ ಸೇರುವ ಹೊತ್ತಿಗೆ ಅತ್ತೆ ತನ್ನ ಪಾಲಿಗೆ ಬಂದಿದ್ದ ಪೊಟ್ಟಣವನ್ನು ಉಗುರಿನಿಂದಲೇ ಹರಿದು, ಪರದೆಯನ್ನು ಹಗ್ಗಕ್ಕೆ ಹಾಕಿ, ಅದರ ಪಕ್ಕಕ್ಕೇ ಮಣೆ ಹಾಕಿಕೊಂಡು ಕೂತಳು. ರೇಡಿಯೋ ಕೊಡ ಕೆಳಗಿಟ್ಟು, ಅದು ಯಾರದ್ದು ಎಂದು ಕೇಳಿದಳು.

"ನಂದು," ಅಂದಳು ಅತ್ತೆ. "ಯಾಕೆ, ನಂಗಾಗಬಾರದಾ?"

ನಲ್ಲಿಯ ಬಳಿ ಯಾರೋ ಕಿಸಕ್ಕೆಂದರು. ಅತ್ತೆ ಬಿಡಲಿಲ್ಲ. ಎಷ್ಟು ತಿಂಗಳು ಎಂದವರಿಗೆ ಹೊಟ್ಟೆ ನೀವಿಕೊಂಡು, ಲೆಕ್ಕ ಇಟ್ಟಿಲ್ಲ ಕಣೇ ಅಂದಳು. ತಂದೆ ಯಾರು ಎಂದ ಪೋಲಿಗೆ, ಸತ್ತವನ ಮೇಲೆ ಅನುಮಾನ ಪಡಬೇಡ ಅಂದಳು. ಬೊಚ್ಚುಬಾಯಿ ಹೇಳಿದ್ದು ಅರ್ಧ, ಕಣ್ಣು ಹೇಳಿದ್ದು ಅರ್ಧ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಡಗಳು ತುಂಬಿ ಹರಿದವು. ನಗು ಇಳಿಯುವುದನ್ನೇ ಕಾದಿದ್ದ ಅತ್ತೆ, ಮೆಣಸನ್ನು ಎಳೆದು ಮುಂದೆ ನಿಲ್ಲಿಸಿದಳು.

"ಹೋದ ವರ್ಷ ಇದು ನನ್ನ ತೊಡೆ ಮೇಲೆ ಸೆಟೆದುಕೊಂಡಾಗ ನೀವೆಲ್ಲ ಅಳೋಕೆ ಬಂದಿದ್ರಿ. ಇವತ್ತು ನಗೋಕೆ ಬಂದಿದೀರಿ. ನಗೋದೇ ವಾಸಿ, ನಗಿ. ಆದ್ರೆ ಮನೆಗೆ ಹೋಗಿ ಟ್ರಂಕು ತೆಗೀರಿ."

ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಹೋದರು. ಮೊದಲು ಪರದೆ ಹಾಕಿದವರು ಲಾರಿ ಲೋಡು ಮಾಡುವ ಬ್ರಹ್ಮಚಾರಿಗಳು, ತಮಾಷೆಗೆ. ಗಡ್ಡದವನೊಬ್ಬ ಸೊಂಟಕ್ಕೆ ಕೈಕೊಟ್ಟು ವಾಲಾಡಿಕೊಂಡು ನಡೆದು ತೋರಿಸಿದ. ಆ ಗದ್ದಲದಲ್ಲಿ ಹೆಣ್ಣುಮಕ್ಕಳ ತಾಯಿಯೊಬ್ಬಳು ಸದ್ದಿಲ್ಲದೆ ತನ್ನದನ್ನೂ ಹಗ್ಗಕ್ಕೆ ಹಾಕಿದಳು, ಅವಳನ್ನು ನೋಡಿ ಮತ್ತೊಬ್ಬಳು. ಮರುದಿನದ ಹೊತ್ತಿಗೆ ಸಾಲಿನ ಮುಕ್ಕಾಲು ಭಾಗ ನೀಲಿಯಾಗಿತ್ತು. ಬಾಯ್ಲರಿನವನ ಕೋಳಿಮರಿಗಳು ಮಾತ್ರ ತಮ್ಮದನ್ನು ಬಿಟ್ಟುಕೊಡಲಿಲ್ಲ.

ಕೆಲಸಕ್ಕೆ ಹೋಗುವ ಮ್ಯಾನೇಜರ್ ಆ ದಾರಿಯಲ್ಲೇ ಬಂದು ನಿಂತುಬಿಟ್ಟ. ತೇಪೆ ಮೇಜಿನ ಹೆಂಗಸರ ಒಂದೊಂದು ಮನೆಯ ಮುಂದೂ ಪರದೆ.

"ಬನ್ನಿ ಸಾರ್," ಅಂದಳು ಅತ್ತೆ ಮಣೆಯ ಮೇಲಿಂದಲೇ. "ಎಲ್ರನ್ನೂ ಗುಡಿಸೋಕೆ ಕಳಿಸ್ತೀರಾ? ಆ ಗಡ್ಡದವನನ್ನೂ ಸೇರಿಸಿ ಹೇಳಿ."

ಅಲ್ಲಿ ನೋಡಲು ಗಡಿಯಾರ ಇರಲಿಲ್ಲ. ಅವನು ಬೂಟು ನೋಡಿಕೊಂಡು ನಡೆದ. ಮಧ್ಯಾಹ್ನದ ಊಟದ ಮುಂಚೆಯೇ ತೇಪೆಯಕ್ಕನಿಗೆ ಮೇಜಿಗೆ ವಾಪಸು ಬರಲು ಹೇಳಿಕಳಿಸಿದ. ಮೇಸ್ತ್ರಮ್ಮನ ಜಾಗ ಮಾತ್ರ ಹೋದದ್ದು ಹೋಯಿತು. ಉದ್ದಜಡೆಯವಳು ಸಂಜೆಯ ಮುಂಚೆ ಚೀಲ ಹೆಗಲಿಗೇರಿಸಿಕೊಂಡು ಹೊರಟಾಗಲೆಲ್ಲ ಇವಳ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು.

ಪರದೆಯೊಳಗಿನ ಸಂಸಾರವೂ ಹೂವಿನ ಹಾಸಿಗೆಯಾಗಿರಲಿಲ್ಲ. ಕಟ್ಟಲು ತಗಡಿನ ಗೋಡೆಯಲ್ಲಿ ಮೊಳೆ ನಿಲ್ಲದೆ ಗಂಡ ಮೂಲೆಗೊಂದು ಕೋಲು ಹುಗಿದ. ಸೆಖೆಗೆ ಬೆನ್ನು ನೀರಾಗುತ್ತಿತ್ತು. ಮೆಣಸು ಕಾಲಾಡಿಸಿ ಅಂಚನ್ನು ಹೊರಗೆಳೆಯುವುದು, ಅತ್ತೆ ಬೈದು ಚಾಪೆಯಡಿಗೆ ತುರುಕುವುದು, ಮತ್ತೆ ಅದೇ. ತನ್ನ ಪರದೆ ಇದ್ದರೂ ಅತ್ತೆ ಮೊಮ್ಮಗಳ ಪರದೆಯಲ್ಲೇ ಮಲಗುತ್ತಿದ್ದಳು, ಕಾವಲಿಗೆ.

ಮಳೆ ಜೋರಾಗಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಮೆಣಸಿನ ಮೈ ನಿಜವಾಗಿಯೂ ಸುಡುತ್ತಿತ್ತು. ಈ ಸಲ ಬಾಯ್ಲರ್ ಗೋಡೆಯೂ ಇಲ್ಲ, ಸಿಟ್ಟೂ ಇಲ್ಲ. ತೇಪೆಯಕ್ಕ ಕೆಲಸ ಬಿಟ್ಟು, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ದೋಣಿ ಹತ್ತಿದಳು. ನರ್ಸಮ್ಮ ಮಗುವಿನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ಮೇಲಿಟ್ಟು, ಕಾಯಬೇಕು ಅಂದಳು. ಅದರ ಮೇಲೆ ಒಂದು ಗೆರೆ ಎಲ್ಲರಿಗೂ ಮೂಡುತ್ತದೆ, ಚಳಿಜ್ವರವಿದ್ದರೆ ಪಕ್ಕದಲ್ಲಿ ಇನ್ನೊಂದು. ತೇಪೆಯಕ್ಕ ಆ ಪಟ್ಟಿಯನ್ನು ಕಣ್ಣು ಮಿಟುಕಿಸದೆ ನೋಡಿದಳು. ಮರದ ಹಾಳೆಯಲ್ಲಿ ಕೂದಲೆಳೆಯ ಗೆರೆ ಹಿಡಿಯುವ ಕಣ್ಣು. ಇಲ್ಲದ ಗೆರೆ ಒಂದೆರಡು ಸಲ ಕಂಡಂತೆಯೂ ಆಯಿತು.

ನರ್ಸಮ್ಮ ಪಟ್ಟಿಯನ್ನು ಬೆಳಕಿಗೆ ಹಿಡಿದು, ಮಗುವಿನ ಗಂಟಲು ನೋಡಿ, ಚಳಿಜ್ವರ ಅಲ್ಲ, ಬರೀ ನೆಗಡಿ ಅಂದಳು.

ತೇಪೆಯಕ್ಕ ಅದನ್ನು ಇನ್ನೊಂದು ಸಲ ಹೇಳಿಸಿಕೊಂಡಳು. ಅಷ್ಟರಲ್ಲಿ ಮೆಣಸು ತಲೆಯೆತ್ತಿ, ತಾಯಿಯ ಮುಖಕ್ಕೇ ಗುರಿಯಿಟ್ಟು ಸೀನಿದಳು. ಸಿಂಬಳ ಹಣೆಯವರೆಗೆ ಹಾರಿತು. ನರ್ಸಮ್ಮ ಬಟ್ಟೆ ಕೊಡಲು ಬಂದರೆ ತೇಪೆಯಕ್ಕ ಬೇಡವೆಂದು ಕೈಯಾಡಿಸಿ, ಒರೆಸಿಕೊಳ್ಳದೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಾ ಕೂತಳು.

"ಇನ್ನೊಂದ್ ಸಲ ಸೀನು ಮಗಳೇ," ಅಂದಳು.