ಮೂರನೇ ಕರೆ

ಸತ್ತ ಹೆಂಡತಿ ಊರವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರೆ ಯಾವ ಗಂಡಸು ತಾನೇ ನೆಟ್ಟಗೆ ಕೂತಾನು ಹೇಳಿ! ಕಂಪ್ಲಿಯ ತಾಲ್ಲೂಕು ಕಚೇರಿಯ ಬೆಂಚಿನ ತುದಿಯಲ್ಲಿ ಹುಲುಗಪ್ಪ ಟೋಕನ್ ಚೀಟಿ ಹಿಡಿದು ಬೆವರುತ್ತಿದ್ದ. ಗೋಡೆಯ ಮೇಲಿನ ಸ್ಪೀಕರಿನಿಂದ ಪಂಪಾವತಿ ಕರೆಯುತ್ತಿದ್ದಳು.

"ಎರ್ರಿಯಪ್ಪ ಬರ್ರಿ."

ಎರ್ರಿಯಪ್ಪ ಎದ್ದು ಹೋದ. ಅವನಿಗೇನು, ಅದು ಬರೀ ಮಷೀನು.

ಮಷೀನೇ, ಸುಳ್ಳಲ್ಲ. ಹಿಂದೊಮ್ಮೆ ಸರ್ಕಾರದವರು ಹೊಸಪೇಟೆಯಲ್ಲಿ ಜನರ ದನಿ ಕೂಡಿಸಿದರು. ಕಂಪ್ಯೂಟರು ಬೆಂಗಳೂರಿನ ಕನ್ನಡ ಆಡಿದರೆ ಇಲ್ಲಿನವರಿಗೆ ಹಿಡಿಸದು, ಈ ಸೀಮೆಯ ಮಾತೇ ಬೇಕು, ಯಾರು ಬೇಕಾದರೂ ಬಂದು ಕೊಡಿ, ಕೊಟ್ಟದ್ದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಿ ಎಂದರು. ಅಂಗನವಾಡಿ ಟೀಚರು ಪಂಪಾವತಿ ಮೊದಲೇ ಮಾತಿನ ಮಲ್ಲಿ, ಬಿಟ್ಟಾಳೆಯೇ? ವಾರಗಟ್ಟಲೆ ಬಸ್ಸು ಹತ್ತಿ ಹೋಗಿ, ಮೈಕಿನ ಮುಂದೆ ಕೂತು, ಈ ಭಾಗದ ಊರು, ಜನರ ಹೆಸರು, ಮಾತುಕತೆ ಎಲ್ಲವನ್ನೂ ಓದಿ ಬಂದಳು. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದದ್ದೇ ನೆಪ, ಹೋಗಿಬಿಟ್ಟಳು.

ಅವಳು ಹೋದಳು, ದನಿ ಉಳಿಯಿತು. ಒಂದು ಕಡೆ ಸುಮ್ಮನೆ ಬಿದ್ದಿದ್ದರೆ ಸಹಿಸಬಹುದಿತ್ತು. ಹಾಳಾದ್ದು, ಊರೂರು ತಿರುಗತೊಡಗಿತು! ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ "ಸಂಡೂರು ಬಸ್ಸು ಹೊಂಟೈತಿ, ಜಲ್ದಿ ಹತ್ರಿ" ಎಂದಾಗ ಹುಲುಗಪ್ಪ ಸಂತೆಚೀಲ ಅಲ್ಲೇ ಬಿಟ್ಟು ಓಡಿದ್ದ. ಹಂಪಿಯ ಹೊಳೆದಂಡೆಯಲ್ಲಿ "ನೀರಿಗೆ ಇಳೀಬ್ಯಾಡ್ರಿ" ಎಂದಳು. ಅಂದಿನಿಂದ ಅವನಿಗೆ ರೈಸ್ ಮಿಲ್ಲು ಉಂಟು, ಮನೆ ಉಂಟು, ಬೇರೆ ಊರಿನ ಸುದ್ದಿಯೇ ಬೇಡವಾಯಿತು.

ಆದರೆ ರೇಷನ್ ಕಾರ್ಡು ಬಿಡಬೇಕಲ್ಲ. ಸತ್ತವಳ ಹೆಸರು ತೆಗೆಸದಿದ್ದರೆ ಕಾರ್ಡೇ ಬಂದ್ ಎಂದಿದ್ದರು. ಇವತ್ತೇ ಕಡೆಯ ದಿನ. ಹೆಸರು ತೆಗೆಸಲು ಬಂದರೆ, ಯಾರ ಹೆಸರು ತೆಗೆಸಬೇಕೋ ಅವಳೇ ಒಳಗೆ ಕರೆಯುತ್ತಿದ್ದಾಳೆ.

ಅವನ ಭಯವೆಲ್ಲ ತನ್ನ ಹೆಸರಿನದು. ಪಂಪಾವತಿ ಬದುಕಿರುವವರೆಗೆ ಗಂಡನ ಹೆಸರು ಎತ್ತಿದವಳಲ್ಲ. ಅವಳು "ಕೇಳ್ರಿಲ್ಲಿ" ಎನ್ನಬೇಕು, ಇವನು "ಓ" ಎನ್ನಬೇಕು, ಸಂಸಾರ ನಡೆದದ್ದೇ ಹಾಗೆ. "ಮೈಕಿನ್ಯಾಗ ಎಲ್ಲಾರ ಹೆಸ್ರೂ ಹೇಳ್ತೀಯಂತ, ನಂದೊಂದ್ ಸಲ ಹೇಳಲೇ" ಎಂದು ಕಾಡಿಸಿದ್ದ. ಅವಳು ರೊಟ್ಟಿ ಬಡಿಯುತ್ತಲೇ ನಕ್ಕಿದ್ದಳು. "ಸತ್ತ ಮ್ಯಾಲೆ ಕರೀತೀನಿ ತಗೋರಿ."

ಸಾಲದ್ದಕ್ಕೆ, ಕಚೇರಿಯಲ್ಲೂ ಸೊಸೆಯದೇ ದನಿ ಎಂದು ಯಾರಿಂದಲೋ ಕೇಳಿದ್ದ ಅವನ ಅವ್ವ ತಾಯಕ್ಕ ಬೆಳಿಗ್ಗೆ ಹೊರಡುವಾಗ ಕೈ ಹಿಡಿದುಕೊಂಡಿದ್ದಳು. "ಕರದ್ಲು ಅಂತ ಓ ಅಂದೀಯ, ಜ್ವಾಕಿ! ಸತ್ತೋರು ಎಲ್ಡೇ ಸಲ ಕರಿಯಾದು. ಓ ಅಂದ್ರ ಕರ್ಕೊಂಡು ಹೋಗ್ತಾರ. ಮೂರ್ನೇ ಸಲ ಕರದ್ರ ಮಾತ್ರ ಮನುಷ್ಯರು."

"ಕರೆಮ್ಮ ಬರ್ರಿ" ಎಂದಿತು ಸ್ಪೀಕರು. ಕರೆಮ್ಮ ಹೋದಳು.

"ಹುಲುಗಪ್ಪ ಬರ್ರಿ."

ಅವಳದೇ ದನಿ. ಆದರೆ 'ಹುಲು' ಒಂದು ಕಡೆ, 'ಗಪ್ಪ' ಒಂದು ಕಡೆ, ಹರಿದ ಅರಿವೆಗೆ ತೇಪೆ ಹಾಕಿದ ಹಾಗೆ. ಆಡಿದ ಮಾತು ಉಳಿಸಿಕೊಂಡಳಲ್ಲ, ಪುಣ್ಯಾತ್ಗಿತ್ತಿ!

"ಹುಲುಗಪ್ಪ ಬರ್ರಿ."

ಹಲ್ಲು ಕಚ್ಚಿ ಕೂತ. ಮೂರನೆಯದಕ್ಕೆ ಕಾದ. ಒಂದೇ ಒಂದು ಸಲ ಕರೆದುಬಿಡೇ, ಎದ್ದು ಬರುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡ.

"ಅಂಜಿನಿ ಬರ್ರಿ" ಎಂದಳು.

ಹಾಗಾದರೆ ಅವ್ವ ಹೇಳಿದ್ದು ಖರೆ. ಹುಲುಗಪ್ಪ ಬೆಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

ಮಷೀನು ಕೂಡಿಸಿದ ಇಂಜಿನಿಯರ್ ಸ್ಫೂರ್ತಿ, ಅದು ಸರಿಯಾಗಿ ಕರೆಯುತ್ತದೋ ಇಲ್ಲವೋ ನೋಡಲು ಅಲ್ಲೇ ನಿಂತಿದ್ದವಳು, ಹತ್ತಿರ ಬಂದಳು. "ಅಣ್ಣಾರೆ, ಹುಲುಗಪ್ಪ ಅಂದ್ರ ನೀವೇ ಅಲ್ರೀ? ಎಲ್ಡ್ ಸಲ ಕರೀತು, ಏಳಬಾರದೇನ್ರಿ?"

"ಅಕಿ ನನ್ ಹೆಣ್ತಿ ಅದಾಳ್ರಿ" ಎಂದ ಹುಲುಗಪ್ಪ. "ಸತ್ತು ಹೋಗ್ಯಾಳ. ನನ್ ಹೆಸ್ರು ಹಿಡಿಯಾಕಿ ಅಲ್ರಿ ಅಕಿ."

ಸ್ಫೂರ್ತಿಯ ಮುಖ ಇಳಿದುಹೋಯಿತು. ಅವನ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದಳು. ಜನ ಕೊಟ್ಟ ದನಿಯೆಲ್ಲ ಬಿಡಿಬಿಡಿಯಾಗಿ ಅಲ್ಲಿತ್ತು, ಯಾರು ಬೇಕಾದರೂ ತೆಗೆದು ಕೇಳಬಹುದಿತ್ತು.

"ಅವ್ರು ಆ ಹೆಸ್ರು ಓದೇ ಇಲ್ರಿ ಅಣ್ಣಾ. ಬ್ಯಾರೆ ಹೆಸ್ರಿನ ತುಂಡು ಜೋಡಿಸಿ ಮಷೀನೇ ಹೇಳೈತಿ. ಅವತ್ತು ಏನಂದಾರ, ಕೇಳ್ತೀರಾ?"

ಬ್ಯಾಡ ಎನ್ನಬೇಕೆಂದುಕೊಂಡ. ಆದರೆ ಕಿವಿ ಆಗಲೇ ಲ್ಯಾಪ್‌ಟಾಪಿನ ಕಡೆ ಬಾಗಿತ್ತು.

ಮೊದಲು ಫ್ಯಾನಿನ ಸದ್ದು. ಬಳೆ ಸದ್ದು. ಆಮೇಲೆ ಕಿಸಕ್ಕನೆ ನಗು. "ಇದೊಂದು ಬ್ಯಾಡ್ರಿ. ಇದು ನಮ್ ಮನಿಯವ್ರ ಹೆಸ್ರು."

"ಮತ್ತ ಮನ್ಯಾಗ ಹೆಂಗ ಕರೀತೀರಿ?" ಎಂದು ಯಾರೋ ಗಂಡಸು ಕೇಳಿದ.

ಮತ್ತೆ ಬಳೆ ಸದ್ದು. ಆಮೇಲೆ, ಗಂಡ ಹಿತ್ತಲಲ್ಲೇ ಇದ್ದಾನೆ ಎಂಬಂತೆ ರಾಗ ಎಳೆದಳು.

"ಕೇಳ್ರಿಲ್ಲಿ..."

"ಓ!" ಎಂದುಬಿಟ್ಟ ಹುಲುಗಪ್ಪ.

ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಮೂರನೇ ಸಲ ಕರೆದಿದ್ದಳು, ಅವಳೇ ಕರೆದಿದ್ದಳು. ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ.

ಸ್ಫೂರ್ತಿ ತಾನೇ ಕೈಹಿಡಿದು ಕೌಂಟರಿಗೆ ಕರೆದೊಯ್ದಳು. ಗುಮಾಸ್ತ ಕಾಗದ ನೋಡಿ "ತಗೀಲೇನ್ರಿ?" ಎಂದ. ಹುಲುಗಪ್ಪ ಹ್ಞೂಂ ಎಂದು ಹೆಬ್ಬೆಟ್ಟು ಒತ್ತಿದ. ಕೆಲಸ ಮುಗಿದ ಕೂಡಲೇ ಮಷೀನು ಅದನ್ನೂ ಕೂಗಿ ಹೇಳುತ್ತದೆ ಎಂಬುದು ಸ್ಫೂರ್ತಿಗೆ ನೆನಪಾಗುವಷ್ಟರಲ್ಲಿ ತಡವಾಗಿತ್ತು.

"ಪಂಪಾವತಿ ಹೆಸ್ರು ತಗದೈತ್ರಿ. ಹೋಗಿ ಬರ್ರಿ."

ಈ ಹೆಸರಿಗೆ ತೇಪೆ ಇರಲಿಲ್ಲ. ತನ್ನ ಹೆಸರನ್ನು ಅವಳು ಚೆಂದಾಗಿ ಓದಿಕೊಟ್ಟಿದ್ದಳು. ದಿನಾ ಮಿಲ್ಲಿಗೆ ಹೊರಟಾಗ ಹೇಳುತ್ತಿದ್ದುದೂ ಅದೇ, ಹೋಗಿ ಬರ್ರಿ.

ಹುಲುಗಪ್ಪ ಸ್ಪೀಕರಿನ ಕೆಳಗೆ ಹೋಗಿ ನಿಂತ. ಹೋಗಿ ಬರ್ತೀನಿ ಎನ್ನಲು ಬಾಯಿ ತೆರೆದ.

"ಉಚ್ಚೆಂಗಪ್ಪ ಬರ್ರಿ" ಎಂದಳು ಅವಳು.